ಗೆರಟೆಯಲ್ಲಿ ಅರ್ಧ ಗುಳಿಗೆ

ಹೊನ್ನಾವರದ ಪಕ್ಕದ ಕಾಸರಕೋಡಿನ ಹೊನ್ನಮ್ಮನಿಗೆ ಎರಡು ವಿಷಯದಲ್ಲಿ ಹಟ ಜಾಸ್ತಿ. ತಾನು ಉಪ್ಪು ಹಾಕಿ ಒಣಗಿಸಿದ ಬಂಗಡೆಯಲ್ಲಿ ಒಂದೇ ಒಂದು ಹುಳ ತೋರಿಸಿದರೆ ಇಡೀ ಬುಟ್ಟಿ ಪುಕ್ಕಟೆ ಇಟ್ಟು ಹೋಗುತ್ತೇನೆ ಎನ್ನುವುದು ಮೊದಲನೆಯದು. ಗೇರುಸೊಪ್ಪೆಯವರೆಗೆ ಮನೆಮನೆ ತಿರುಗಿ ಒಣಮೀನು ಮಾರುವವಳು ಅವಳು; ಇಷ್ಟು ವರ್ಷದಲ್ಲಿ ಹುಳ ತೋರಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಪಕ್ಕದ ಮನೆಯ ಲಕ್ಕಿಯ ಜೊತೆ ಮಾತಾಡುವುದಿಲ್ಲ ಎನ್ನುವುದು ಎರಡನೆಯದು. ಪಕ್ಕದ ಮನೆ ಎಂದರೆ ಬೇರೆ ಯಾರದೋ ಅಲ್ಲ, ಸ್ವಂತ ಮೈದುನನದು. ಹೊನ್ನಮ್ಮನ ಗಂಡ ಬೊಮ್ಮ, ಲಕ್ಕಿಯ ಗಂಡ ದಾಸ. ಅಣ್ಣತಮ್ಮಂದಿರಿಬ್ಬರೂ ಒಂದೇ ದೋಣಿಯಲ್ಲಿ ಹೋಗುವವರು, ಒಂದೇ ಬೀಡಿಯನ್ನು ಹಂಚಿಕೊಂಡು ಸೇದುವವರು. ಅವರ ಹೆಂಡಿರು ಮಾತ್ರ ನಡುವೆ ಎದೆಮಟ್ಟದ ಚಿರೆಕಲ್ಲಿನ ಪಾಗಾರ ಕಟ್ಟಿಸಿಕೊಂಡು, ಎಂಟು ವರ್ಷ ಮುಖ ಕೊಟ್ಟು ಒಂದು ಮಾತು ಆಡಲಿಲ್ಲ. ವಾರಗಿತ್ತಿಯರೆಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಕೇರಿಯವರೂ ಬಿಟ್ಟುಬಿಟ್ಟಿದ್ದರು.

ಜಗಳದ ಕಾರಣ ಕೇಳಿದರೆ ನಗು ಬರುತ್ತದೆ. ಎಪ್ಪತ್ತೈದನೇ ಇಸವಿಯ ಮೇ ತಿಂಗಳು. ಆಗ ಪಾಗಾರ ಇರಲಿಲ್ಲ. ಎರಡೂ ಮನೆಯ ಮೀನು ಒಂದೇ ಅಂಗಳದಲ್ಲಿ ಒಣಗುತ್ತಿತ್ತು. ಲಕ್ಕಿ ತನ್ನ ತವರು ಹೊಳನಗದ್ದೆಗೆ ಹೊರಟವಳು, "ಅಕ್ಕ, ನನ್ ಶೆಟ್ಲಿನೂ ಒಂಚೂರು ನೋಡ್ಕೊ" ಎಂದು ಹೇಳಿ ಕುಮಟೆಯ ಬಸ್ಸು ಹತ್ತಿದಳು. ಮಧ್ಯಾಹ್ನ ಇದ್ದಕ್ಕಿದ್ದಂತೆ ಕಡಲ ಮೇಲೆ ಮೋಡ ಎದ್ದಿತು. ಹೊನ್ನಮ್ಮನ ಶೆಟ್ಲಿ ಒಳಗೆ ಬಂತು, ಲಕ್ಕಿಯದು ಅಂಗಳದಲ್ಲೇ ನೆನೆದು ಮುದ್ದೆಯಾಯಿತು. ಶೆಟ್ಲಿ ಎಂದರೆ ನಮ್ಮ ಕಡೆಯ ಸಣ್ಣ ಸಿಗಡಿ. ದೋಣಿ ಕಡಲಿಗಿಳಿಯದ ಮಳೆಗಾಲದಲ್ಲಿ ಅದೇ ಅನ್ನ, ಅದೇ ಬಟ್ಟೆ.

ಸಂಜೆ ಬಂದ ಲಕ್ಕಿ ಅದನ್ನು ನೋಡಿ ಬುಟ್ಟಿ ಒಗೆದಳು. "ನಿಂದು ತೆಗ್ದಿಡೂಕೆ ಕೈ ಬಂತು. ನಂದಕ್ಕೆ ಬರ್ಲಿಲ್ವಾ?"

ಹೊನ್ನಮ್ಮ ಬಾಗಿಲಲ್ಲಿ ನಿಂತು ತುಟಿ ಪಿಟಕ್ಕೆನ್ನಲಿಲ್ಲ. ಬಯ್ದಿದ್ದರೆ ಲಕ್ಕಿ ಎರಡು ದಿನದಲ್ಲಿ ಮರೆಯುತ್ತಿದ್ದಳೋ ಏನೋ. ಆ ಮೌನ ಅವಳಿಗೆ ಉರಿ ಹತ್ತಿಸಿತು. ದೀಪಾವಳಿಯೊಳಗೆ ಪಾಗಾರ ಎದ್ದಿತು.

ನಿಜ ಏನೆಂದರೆ ಹೊನ್ನಮ್ಮನಿಗೆ ಅವತ್ತು ಉಸಿರೇ ಇರಲಿಲ್ಲ. ತನ್ನ ಚಾಪೆಯನ್ನು ಎಳೆದು ಒಳಗೆ ಹಾಕುವಷ್ಟರಲ್ಲಿ ಎದೆ ಬಿಗಿದು, ಕಣ್ಣು ಕತ್ತಲೆ ಬಂದು, ಹೊಸಿಲ ಮೇಲೆ ಕೂತುಬಿಟ್ಟಿದ್ದಳು. ಲಕ್ಕಿಯ ಶೆಟ್ಲಿ ನೆನೆಯುವುದನ್ನು ಅಲ್ಲಿಂದಲೇ ನೋಡುತ್ತಿದ್ದಳು, ಎದ್ದು ನಾಲ್ಕು ಹೆಜ್ಜೆ ಇಡಲು ಆಗಲಿಲ್ಲ. ಆದರೆ ಅದನ್ನು ಹೇಳುವುದು ಹೇಗೆ? ಅವಳಿಗೆ ದಮ್ಮು ಇದೆ ಎನ್ನುವುದನ್ನು ಮದುವೆಯ ಮಾತುಕತೆಯಲ್ಲೇ ಅಪ್ಪ ಮುಚ್ಚಿಟ್ಟಿದ್ದ. ಮೀನುಬುಟ್ಟಿ ಹೊರುವ ಹೆಂಗಸರಿಗೆ ಗೊತ್ತಾದರೆ ಯಾರೂ ಜೊತೆಗೆ ಸೇರಿಸಿಕೊಳ್ಳುವುದಿಲ್ಲ. ನಡುದಾರಿಯಲ್ಲಿ ಇವಳು ಕೂತರೆ ಇವಳ ಬುಟ್ಟಿ ಹೊರುವವರು ಯಾರು? ಹಾಗಾಗಿ ಹೊನ್ನಮ್ಮ ಬಾಯಿ ಮುಚ್ಚಿಕೊಂಡಳು. ಒಮ್ಮೆ ಮುಚ್ಚಿಕೊಂಡ ಬಾಯಿ ಆಮೇಲೆ ತೆರೆಯುವುದು ಎಷ್ಟು ಕಷ್ಟ ಎನ್ನುವುದು ಮುಚ್ಚಿಕೊಂಡವರಿಗೇ ಗೊತ್ತು.

ಮರುವರ್ಷ ಮುಚ್ಚಿಡಲೂ ಆಗದಷ್ಟು ಜೋರಾದಾಗ ಬೊಮ್ಮನೇ ಅವಳನ್ನು ಹೊನ್ನಾವರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಒಂದು ಬಿಳಿ ಗುಳಿಗೆ ಬರೆದುಕೊಟ್ಟರು. ನಡುವೆ ಒಂದು ಗೀರು. "ಪೂರ್ತಿ ಬೇಡ. ಎದೆ ಹೊಡ್ಕೊಳ್ತದೆ. ಗೀರಿನ ಮೇಲೆ ಮುರಿದು ಸಂಜೆಗೆ ಅರ್ಧ ತಕೊ, ಸಾಕು" ಎಂದರು. ಔಷಧಿ ಅಂಗಡಿಯ ಮಹಾಲೆಯವರು ದೊಡ್ಡ ಡಬ್ಬಿಯಿಂದ ಎಣಿಸಿ ಕಾಗದದ ಪೊಟ್ಟಣ ಕಟ್ಟಿಕೊಡುತ್ತ ಇನ್ನೊಂದಿಷ್ಟು ಬಿಡಿಸಿ ಹೇಳಿದರು. ಇದರೊಳಗೆ ಮೂರು ಮದ್ದು ಇದೆಯಂತೆ. ಎರಡು ಸೇರಿ ಎದೆ ಬಿಡಿಸುತ್ತವೆ. ಅವುಗಳಲ್ಲೊಂದು ಎದೆ ಹೊಡೆದುಕೊಳ್ಳುವಂತೆಯೂ ಮಾಡುತ್ತದೆ. ಮೂರನೆಯದು ಆ ಗಾಬರಿ ತಿಳಿಯದ ಹಾಗೆ ಮಂಪರು ತರಿಸುತ್ತದೆ.

"ಹಾಗಾರೆ ಇದು ನಮ್ಮನಿ ಹಾಂಗೇ ಅದೆ" ಎಂದಳು ಹೊನ್ನಮ್ಮ. "ಒಬ್ರು ಜಗಳ ತೆಗೀತ್ರು, ಒಬ್ರು ಮಲಗಿಸ್ತ್ರು."

ಮಹಾಲೆಯವರು ಕನ್ನಡಕ ತೆಗೆದು ನಕ್ಕರು.

ಗುಳಿಗೆ ಹಿಡಿಯಿತು. ಮೂರನೇ ದಿನಕ್ಕೆ ಹೊನ್ನಮ್ಮ ದಿಂಬಿಗೆ ತಲೆ ಕೊಟ್ಟು ಮಲಗಿದಳು. ಅದಕ್ಕೂ ಮೊದಲು ಗೋಡೆಗೆ ಒರಗಿ ಕೂತೇ ನಿದ್ದೆ. ಒಂದೇ ತೊಂದರೆ, ಉಳಿದ ಅರ್ಧದ್ದು. ಕಡಲ ಗಾಳಿಗೆ ಮುರಿದ ಗುಳಿಗೆ ಬೆಳಗಾಗುವುದರೊಳಗೆ ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು. ಒಳ್ಳೆಯ ಮದ್ದನ್ನು ದಿನಾ ಎಸೆಯುವುದೆಂದರೆ ಅವಳಿಗೆ ಹೊಟ್ಟೆ ಉರಿ.

ಎಪ್ಪತ್ತೇಳರ ಮಳೆಗಾಲದಲ್ಲಿ ಪಾಗಾರದ ಆಚೆಯಿಂದ ಒಂದು ಸದ್ದು ಕೇಳಿಸಿತು. ಬೇರೆಯವರಾಗಿದ್ದರೆ ಕೆಮ್ಮು ಎನ್ನುತ್ತಿದ್ದರು. ಹೊನ್ನಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಪಾಗಾರದ ಹತ್ತಿರ ಬಂದಳು. ಉಸಿರು ಒಳಗೆ ಹೋಗಿ ಹೊರಗೆ ಬರಲು ದಾರಿ ಸಿಗದೆ ಸಿಳ್ಳೆ ಹೊಡೆಯುವ ಆ ಸದ್ದು ಅವಳಿಗೆ ತನ್ನ ಹೆಸರಿನಷ್ಟು ಪರಿಚಿತ. ಲಕ್ಕಿಗೂ ದಮ್ಮು ಹಿಡಿದಿತ್ತು. ಅವತ್ತು ಸಂಜೆ ಹೊನ್ನಮ್ಮ ಗುಳಿಗೆ ಮುರಿದು ಒಂದು ಅರ್ಧ ತಾನು ನುಂಗಿದಳು, ಇನ್ನೊಂದನ್ನು ತೆಂಗಿನ ಗೆರಟೆಯಲ್ಲಿ ಹಾಕಿ ಪಾಗಾರದ ಮೇಲಿಟ್ಟಳು. ಇಡುವಾಗ ಅದನ್ನು ಎರಡು ಸಲ ಕಲ್ಲಿಗೆ ಟಕ್ ಟಕ್ ಎಂದು ಕುಟ್ಟಿದಳು. ಮಾತಾಡುವಂತಿಲ್ಲವಲ್ಲ, ಅಂಗಳದ ಕೋಳಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: "ದಮ್ಮಿನ ಗುಳಿಗೆ. ಬಿಸಿನೀರಲ್ಲಿ ನುಂಗೂದು. ನುಂಗಿ ಗದ್ದೆ ಕಡೆ ಹೋಗೂದಲ್ಲ, ಮಲ್ಕಣೂದು."

ಕೋಳಿ ತನ್ನ ಪಾಡಿಗೆ ತಾನು ಮಣ್ಣು ಕೆದರಿತು. ಬೆಳಿಗ್ಗೆ ನೋಡಿದರೆ ಗೆರಟೆ ಪಾಗಾರದ ಮೇಲೆ ವಾಪಸು ಬಂದಿತ್ತು. ಒಳಗೆ ಎರಡು ಒಣಮೆಣಸು. ಕೊಟ್ಟ ಪಾತ್ರೆಯನ್ನು ಬರಿದೇ ಹಿಂದಿರುಗಿಸಬಾರದಲ್ಲ. ಜಗಳ ಇದ್ದರೇನಂತೆ, ಲಕ್ಕಿ ಅಷ್ಟು ರೀತಿನೀತಿ ಬಿಟ್ಟವಳಲ್ಲ.

ಅಲ್ಲಿಂದ ಆರು ಮಳೆಗಾಲ ಹೀಗೇ ನಡೆಯಿತು. ಸಂಜೆ ಅರ್ಧ ಗುಳಿಗೆ ಆಚೆ, ಬೆಳಿಗ್ಗೆ ಏನಾದರೊಂದು ಈಚೆ. ಒಂದು ದಿನ ಹುಣಸೆ ಉಂಡೆ, ಒಂದು ದಿನ ಅಬ್ಬಲಿಗೆ ಹೂ, ಒಂದು ದಿನ ಏನೂ ಸಿಗಲಿಲ್ಲವೋ ಏನೋ, ಸೀರೆಗೆ ಚುಚ್ಚುವ ಒಂದು ಪಿನ್ನು. ದಾಸ ಅಣ್ಣನಿಗೆ ಹೇಳುತ್ತಿದ್ದ: "ಇವ್ರದ್ದು ಎಂತ ಜಗಳವಾ ಮಾರಾಯ, ದಿನಾ ಉಡುಗೊರೆ ಕೊಟ್ಕಂಡು!" ಬೊಮ್ಮ, "ಸುಮ್ನಿರು, ನಿಂಗೆ ಎಂತಕ್ಕೆ" ಎನ್ನುತ್ತಿದ್ದ.

ಎಂಬತ್ಮೂರರ ಮಾರ್ಚಿನಲ್ಲಿ ಹೊನ್ನಮ್ಮ ಹೊಸ ಪೊಟ್ಟಣಕ್ಕೆ ಹೋದಾಗ ಮಹಾಲೆಯವರು ಖಾಲಿ ಡಬ್ಬಿಯನ್ನು ಬೋರಲು ಹಾಕಿ ತೋರಿಸಿದರು. "ಆತು, ಹೊನ್ನಮ್ಮ. ಇನ್ನು ಬರೂದಿಲ್ಲ. ಕಂಪನಿಯವ್ರು ಮಾಡೂದು ನಿಲ್ಲಿಸಿದ್ರು."

"ಎಂತಕ್ಕೆ? ನಾವು ತಕಂತಾ ಇದ್ದೇವಲ್ಲ?"

"ಮೂರು ಮದ್ದು ಒಂದರಲ್ಲೇ ಕೂಡಿಸೂದು ಸರಿಯಲ್ಲ ಅಂತ ಈಗ ಡಾಕ್ಟರು ಹೇಳ್ತ್ರು. ಬೇಕಾದ್ದು ಬೇರೆ ಬೇರೆ ಕೊಟ್ರೇ ಒಳ್ಳೇದಂತೆ. ಹೊಸತು ಬಂದದೆ, ಹೋಗಿ ಬರೆಸ್ಕೊಂಡು ಬಾ."

ಬರೆಸಿಕೊಂಡು ಬಂದಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಹೊನ್ನಮ್ಮ ಯಾರು ಹೇಳಿದ್ದು ಕೇಳಿದವಳು? ಹೊಸ ಮದ್ದು ತನ್ನ ಎದೆಗೆ ಒಗ್ಗುತ್ತದೋ ಇಲ್ಲವೋ. ತನಗೆ ಒಗ್ಗಿದರೂ ಲಕ್ಕಿಗೆ ಒಗ್ಗಬೇಕಲ್ಲ. ಲಕ್ಕಿಯನ್ನು ಡಾಕ್ಟರ ಹತ್ತಿರ ಹೋಗು ಎಂದು ಹೇಳುವುದಕ್ಕೆ ಅಷ್ಟು ದೊಡ್ಡ ಮಾತನ್ನು ಕೋಳಿಯ ಹತ್ತಿರ ಆಡಲಾಗುತ್ತದೆಯೇ? ಈ ಒಂದು ಮಳೆಗಾಲ ದಾಟಿದರೆ ಸಾಕು, ಆಮೇಲೆ ನೋಡಿಕೊಳ್ಳೋಣ ಎಂದುಕೊಂಡಳು. ಭಟ್ಕಳಕ್ಕೆ ಹೋದಳು. ಅಲ್ಲಿ ಪೇಟೆಯ ಅಂಗಡಿಯ ಬಿಳಿಗಡ್ಡದ ಸಾಹೇಬರು ಕಪಾಟಿನ ಮೂಲೆಯ ಡಬ್ಬಿ ಕೊಡವಿ, "ಇಷ್ಟೇ ನೋಡಮ್ಮ, ಖತಂ" ಎಂದು ಇದ್ದದ್ದನ್ನೆಲ್ಲ ಕಟ್ಟಿಕೊಟ್ಟರು. ಕುಮಟೆಗೆ ಹೋಗಿ ಬಸ್‌ಸ್ಟ್ಯಾಂಡಿನಿಂದ ಹಿಡಿದು ಮೀನುಪೇಟೆಯವರೆಗೆ ಒಂದು ಅಂಗಡಿ ಬಿಡದೆ ಕೇಳಿದಳು. ಎಲ್ಲ ಸೇರಿಸಿ ಎಣಿಸಿದರೆ ಎಪ್ಪತ್ತೆರಡು ಗುಳಿಗೆ. ಮಳೆ ಹಿಡಿದಂದಿನಿಂದ ದಿನಕ್ಕೊಂದು, ಇಬ್ಬರಿಗೂ ಅರ್ಧರ್ಧ. ನಾಗರಪಂಚಮಿ ದಾಟಿ ಇನ್ನೂ ನಾಲ್ಕು ದಿನ ಬರುತ್ತದೆ ಎಂದು ಲೆಕ್ಕ ಹಾಕಿ ಸಮಾಧಾನಪಟ್ಟಳು.

ಇಡುವುದೆಲ್ಲಿ? ಇಲ್ಲಿ ನೋಡಿ, ಬೇರೆ ಯಾವ ಹೆಂಗಸಿಗೂ ತೋಚದ ಬುದ್ಧಿ ಅವಳಿಗೆ ತೋಚಿತು. ಹುಟ್ಟಿದಾಗಿನಿಂದ ಅವಳು ಕಂಡದ್ದು ಒಂದೇ: ಉಪ್ಪಿನಲ್ಲಿಟ್ಟದ್ದು ಕೆಡುವುದಿಲ್ಲ. ಸಾಣಿಕಟ್ಟೆಯ ಹರಳುಪ್ಪಿನಲ್ಲಿ ಹೂತಿಟ್ಟ ಬಂಗಡೆ ವರ್ಷ ದಾಟಿದರೂ ಗಟ್ಟಿ. ಮೀನೇ ಕೆಡದಿದ್ದರೆ ಗುಳಿಗೆಗೆ ಏನು ಧಾಡಿ? ಎಪ್ಪತ್ತೆರಡನ್ನೂ ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಉಪ್ಪಿನ ಭರಣಿಯ ನಡುಮಧ್ಯದಲ್ಲಿ ಹೂತು, ಮೇಲೆ ಇನ್ನೆರಡು ಬೊಗಸೆ ಉಪ್ಪು ಸುರಿದು ಮುಚ್ಚಳ ಹಾಕಿದಳು.

ಮಳೆ ಹಿಡಿಯಿತು. ಪೊಟ್ಟಣದಲ್ಲಿ ಉಳಿದಿದ್ದ ಹಳೆ ಗುಳಿಗೆಗಳು ಜೂನ್ ನಡುವಿನವರೆಗೆ ಬಂದವು. ಅವು ಮುಗಿದ ದಿನ ಸಂಜೆ ಭರಣಿಯ ಮುಚ್ಚಳ ತೆಗೆದಳು. ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ ಎನ್ನುವುದು ಕೂಸಿಗೂ ಗೊತ್ತು. ಆದರೆ ಬಂಗಡೆಗೆ ಆ ನೀರು ತಾಗಿದರೂ ಏನೂ ಆಗುವುದಿಲ್ಲ, ಗುಳಿಗೆಗೆ ಆಗುತ್ತದೆ ಎನ್ನುವುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಗಂಟು ಕೈಗೆ ಬಂದಾಗ ತೊಟ್ಟಿಕ್ಕುತ್ತಿತ್ತು. ಒಳಗೆ ಎಪ್ಪತ್ತೆರಡೂ ಒಂದಾಗಿ, ಮೀನುವಾಸನೆಯ ಬಿಳಿ ಲೋಳೆ.

"ಅಯ್ಯೋ ದೇವ್ರೇ" ಎಂದು ಹೊನ್ನಮ್ಮ ಕುಕ್ಕರಿಸಿ ಕೂತಳು. ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿದಳು. ಕಹಿ, ಉಪ್ಪು. ಇದರಲ್ಲಿ ಅರ್ಧ ಎಂದರೆ ಎಷ್ಟು? ಹೆಚ್ಚಾದರೆ ಎದೆ ಹೊಡೆದುಕೊಂಡು ಸತ್ತರೆ? ತಾನು ತಿಂದು ಸತ್ತರೆ ಸಾಯಲಿ, ಗೆರಟೆಗೆ ಇದನ್ನು ಹಾಕುವುದು ಹೇಗೆ?

ಅವತ್ತು ಅವಳು ಗೆರಟೆ ಕುಟ್ಟಲಿಲ್ಲ. ಪಾಗಾರದಾಚೆ ಹೆಜ್ಜೆಯ ಸದ್ದು ಬಂತು, ಒಂದಷ್ಟು ಹೊತ್ತು ನಿಂತಿತು, ವಾಪಸು ಹೋಯಿತು. ಮರುದಿನವೂ ಅಷ್ಟೇ. ಈ ಸಲ ಹೋಗುವ ಮುಂಚೆ ಲಕ್ಕಿ ತನ್ನ ಅಂಗಳದ ಬೆಕ್ಕಿಗೆ ಹೇಳುವುದು ಕೇಳಿಸಿತು, ನಡುನಡುವೆ ಉಸಿರೆಳೆದುಕೊಂಡು: "ಕೊಡೂವವ್ರಿಗೆ... ಬೇಜಾರು ಬಂತು ಕಾಣ್ತದೆ. ಅವ್ರ ಬುದ್ಧಿ... ನಂಗೆ ಹೊಸತಾ?"

ಹೊನ್ನಮ್ಮ ಬಾಯಿ ತೆರೆದಳು. ಒಂದು ಮಾತು ಸಾಕಿತ್ತು. ಗುಳಿಗೆ ಉಪ್ಪಲ್ಲಿಟ್ಟು ಹಾಳು ಮಾಡಿದೆ ಮಾರಾಯ್ತಿ, ಆಸ್ಪತ್ರೆಗೆ ಹೋಗು. ಅಷ್ಟೇ. ಆದರೆ ಉಪ್ಪಿನ ವಿಷಯದಲ್ಲಿ ಮೂರು ತಾಲೂಕಿಗೆ ಬುದ್ಧಿ ಹೇಳುವ ಹೊನ್ನಮ್ಮ ಉಪ್ಪಿನಲ್ಲೇ ಎಡವಿದಳು ಎಂದರೆ ನಾಳೆ ಲಕ್ಕಿ ನಗುತ್ತಾಳೆ, ನಾಡಿದ್ದು ಕೇರಿಯೇ ನಗುತ್ತದೆ. ಬಾಯಿ ಮುಚ್ಚಿತು. ಎಂಥ ದರಿದ್ರ ಹಟ ಅದು! ಅವಳ ಎದೆಯೂ ಆಗಲೇ ಸಿಳ್ಳೆ ಹಾಕುತ್ತಿತ್ತು. ಶುಂಠಿ ಕಷಾಯ ಕುಡಿದು ಗೋಡೆಗೆ ಒರಗಿ ಕೂತಳು. ಎಂಟು ವರ್ಷದ ಹಿಂದೆ ಹೊಸಿಲ ಮೇಲೆ ಕೂತು ಲಕ್ಕಿಯ ಶೆಟ್ಲಿ ನೆನೆಯುವುದನ್ನು ನೋಡಿದ್ದೂ ಇದೇ ಗೋಡೆಯ ಹತ್ತಿರ. ಆಗಲೂ ಬಾಯಿ ಬಿಟ್ಟಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಜಡಿಮಳೆ. ಆಚೆಯ ಸಿಳ್ಳೆ ಬೆಳಗಿನಿಂದ ಜೋರಾಗಿ ಕೇಳುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತಿತು. ಬೇರೆಯವರಾಗಿದ್ದರೆ ಕಡಿಮೆಯಾಯಿತು ಎಂದುಕೊಳ್ಳುತ್ತಿದ್ದರು. ಹೊನ್ನಮ್ಮನಿಗೆ ಗೊತ್ತಿತ್ತು, ಸಿಳ್ಳೆ ಹೊಡೆಯುವಷ್ಟೂ ಗಾಳಿ ಇಲ್ಲದಾಗ ಎದೆ ಹಾಗೆ ಸುಮ್ಮನಾಗುತ್ತದೆ. ಪಾಗಾರ ಸುತ್ತಿ ಬರುವಷ್ಟು ವ್ಯವಧಾನ ಅವಳಿಗೆ ಇರಲಿಲ್ಲ. ನಲವತ್ತೆಂಟರ ಹೆಂಗಸು, ಸೀರೆ ಎತ್ತಿ ಕಟ್ಟಿ, ಎದೆಮಟ್ಟದ ಗೋಡೆ ಹತ್ತಿ ಆಚೆ ಬಿದ್ದಳು.

ಲಕ್ಕಿ ಅಡುಗೆಮನೆಯ ಕಂಬಕ್ಕೆ ಎರಡೂ ಕೈ ಊರಿ ಕೂತಿದ್ದಳು. ತುಟಿ ನೀಲಿಗಟ್ಟಿತ್ತು. ಹೊನ್ನಮ್ಮನನ್ನು ನೋಡಿದಳು, ಮುಖ ಆಚೆ ತಿರುಗಿಸಿದಳು. ಅಷ್ಟರಲ್ಲೂ!

"ಲಕ್ಕಿ, ಗುಳಿಗೆ ಇಲ್ಲ. ಎಲ್ಲೂ ಇಲ್ಲ. ಇದ್ದದ್ನ ನಾನೇ ಉಪ್ಪಲ್ಲಿಟ್ಟು ಕರಗಿಸ್ದೆ. ಕೇಳ್ತಾ? ಬೇಕಂತ ನಿಲ್ಲಿಸಿದ್ದಲ್ಲ. ಏಳು, ಆಸ್ಪತ್ರೆಗೆ ಹೋಗ್ವ."

ಲಕ್ಕಿಗೆ ಉತ್ತರ ಕೊಡಲು ಉಸಿರಿರಲಿಲ್ಲ. ಹೊನ್ನಮ್ಮ ಬಾಗಿಲಿಗೆ ಬಂದು ಇದ್ದ ದನಿಯನ್ನೆಲ್ಲ ಸೇರಿಸಿ ಕೂಗಿದಳು. ಬಲೆ ಹೆಣೆಯುತ್ತಿದ್ದ ಅಣ್ಣತಮ್ಮಂದಿರು ಓಡಿಬಂದರು. ದಾಸ ಹೆಂಡತಿಯನ್ನು ಎತ್ತಿಕೊಂಡು ರಸ್ತೆಗೆ ಹೋದ, ಬೊಮ್ಮ ಐಸು ತುಂಬಿದ ಒಂದು ಟೆಂಪೋಕ್ಕೆ ಅಡ್ಡ ನಿಂತ. ಹೊನ್ನಾವರ ಮುಟ್ಟುವಾಗ ಹೊನ್ನಮ್ಮನ ಕಣ್ಣೂ ಮೇಲಾಗಿತ್ತು. ಆಸ್ಪತ್ರೆಯ ನರ್ಸ್‌ಬಾಯಿ ಲಕ್ಕಿಗೆ ಸೂಜಿ ಚುಚ್ಚಿ ತಿರುಗಿ ನೋಡಿದರೆ ಕರೆದುಕೊಂಡು ಬಂದವಳೂ ನೆಲಕ್ಕೆ ಕೂತಿದ್ದಾಳೆ. "ಇದೆಂತ, ಜೋಡಿ ಬಂದದೆಯಾ?" ಎನ್ನುತ್ತ ಅವಳನ್ನು ಪಕ್ಕದ ಮಂಚಕ್ಕೆ ಹಾಕಿದಳು.

ಸಂಜೆ ಹೊತ್ತಿಗೆ ಇಬ್ಬರಿಗೂ ಉಸಿರು ದಾರಿಗೆ ಬಂತು. ಡಾಕ್ಟರು ಬಂದು ಎಲ್ಲ ಕೇಳಿದರು. "ಆ ಗುಳಿಗೆ ನಿನಗೆ ಬರೆದದ್ದು. ಇವಳಿಗೆ ಬರೆದವರು ಯಾರು?"

"ನಾನೇಯ" ಎಂದಳು ಹೊನ್ನಮ್ಮ.

"ಆರು ವರ್ಷ! ಇವಳ ಎದೆ ಹೇಗಿದೆ ಅಂತ ನಿನಗೆ ಗೊತ್ತಿತ್ತಾ? ಆ ಮದ್ದಿಗೆ ಎದೆಯೇ ನಿಂತಿದ್ದರೆ?"

ಹೊನ್ನಮ್ಮ ಲಕ್ಕಿಯ ಮಂಚದ ಕಡೆ ತಿರುಗಿ ನೋಡಿದಳು. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡೇ ಆರು ಮಳೆಗಾಲ ಗೆರಟೆ ಕುಟ್ಟಿದ್ದಳಲ್ಲ. ಡಾಕ್ಟರು ಹೋಗುವವರೆಗೆ ಕಾದಳು. ಆಮೇಲೆ, ಈ ಸಲ ಕೋಳಿಗಲ್ಲ, ಲಕ್ಕಿಗೇ ಹೇಳಿದಳು.

"ಅವತ್ತು ಮಳೆ ಬಂತಲ್ಲ, ನಿನ್ ಶೆಟ್ಲಿ ನೆನೀತಲ್ಲ. ನಂಗೆ ಅವತ್ತು ಉಸ್ರು ಇರ್ಲಿಲ್ಲ, ಲಕ್ಕಿ. ಏಳೂಕೆ ಆಗ್ಲಿಲ್ಲ."

ಲಕ್ಕಿ ಈ ಕಡೆ ಹೊರಳಿದಳು. "ಗೊತ್ತದೆ."

"ಎಂತ ಗೊತ್ತದೆ?"

"ನಂಗೆ ಮೊದ್ಲ ಸಲ ದಮ್ಮು ಹಿಡೀತಲ್ಲ, ಅವತ್ತು ಒಲೆ ಮೇಲಿನ ಗಂಜಿ ಉಕ್ಕಿ ಹೋಗೂದು ನೋಡ್ತಾ ಕೂತಿದ್ದೆ. ಕೈ ಚಾಚೂಕೆ ಆಗ್ಲಿಲ್ಲ. ಸಂಜೆಗೆ ನಿನ್ ಗುಳಿಗೆ ಬಂತಲ್ಲ, ಆಗ್ಲೇ ಗೊತ್ತಾತು, ಅಕ್ಕಂಗೂ ಹೀಂಗೇ ಆಗಿತ್ತು ಅಂತ."

ಹೊನ್ನಮ್ಮ ಎದ್ದು ಕೂತಳು. "ಮತ್ತೆ ಆರು ವರ್ಷ ಮಾತಾಡ್ಲಿಲ್ಲ ಎಂತಕ್ಕೆ?"

"ನೀ ಹೇಳ್ತಿ ಅಂತ ಕಾದೆ" ಎಂದಳು ಲಕ್ಕಿ. "ದಿನಾ ಗೆರಟೆ ಕುಟ್ಟಿದಾಗ ಇವತ್ತು ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ ಬಂದು ನಿಲ್ತಿದ್ದೆ. ನೀ ಕೋಳಿಗೆ ಹೇಳ್ತಿದ್ದೆ. ಕಡೆಗೆ ಗುಳಿಗೆನೂ ನಿಲ್ಲಿಸ್ದಾಗ, ನಾ ಅಂದ್ಕಂಡದ್ದೆಲ್ಲ ಸುಳ್ಳಾ ಅಂತ..."

ಹೊನ್ನಮ್ಮ ಅತ್ತಳು. ಅತ್ತರೆ ಮತ್ತೆ ದಮ್ಮು ಏರುತ್ತದೆ ಎಂದು ನರ್ಸ್‌ಬಾಯಿ ಗದರಿಸಿದರೂ ಅತ್ತಳು.

ಮೂರನೇ ದಿನ ಇಬ್ಬರೂ ಮನೆಗೆ ಬಂದರು, ಕೈಯಲ್ಲಿ ಒಂದೊಂದು ಪೊಟ್ಟಣ ಹಿಡಿದುಕೊಂಡು. ಹೆಸರು ಬೇರೆ, ಅಳತೆ ಬೇರೆ. ಹೊನ್ನಮ್ಮನದನ್ನು ಲಕ್ಕಿ ಮುಟ್ಟುವಂತಿಲ್ಲ, ಲಕ್ಕಿಯದನ್ನು ಹೊನ್ನಮ್ಮ ಮುಟ್ಟುವಂತಿಲ್ಲ ಎಂದು ಡಾಕ್ಟರು ಬೆರಳು ತೋರಿಸಿ ಹೇಳಿ ಕಳಿಸಿದ್ದರು. ಸಂಜೆ ಹೊನ್ನಮ್ಮ ತನ್ನ ಹೊಸ ಗುಳಿಗೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು. ನುಣ್ಣಗಿತ್ತು. ನಡುವೆ ಗೀರು ಇರಲಿಲ್ಲ. ಅರ್ಧ ಮಾಡುವ ಹಾಗೇ ಇಲ್ಲ. ಪೂರ್ತಿ ನುಂಗಿ ನೀರು ಕುಡಿದಳು. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಅಂಗಳಕ್ಕೆ ಬಂದಳು. ಗೆರಟೆ ಪಾಗಾರದ ಮೇಲೇ ಇತ್ತು, ಮಳೆನೀರು ತುಂಬಿಕೊಂಡು. ನೀರು ಚೆಲ್ಲಿ ಎರಡು ಸಲ ಕಲ್ಲಿಗೆ ಕುಟ್ಟಿದಳು.

"ಎಂತದೇ ಅಕ್ಕ?" ಒಳಗಿನಿಂದ ಲಕ್ಕಿ ಕೂಗಿದಳು.

"ಎಂತದೂ ಇಲ್ಲ."

"ಮತ್ತೆ ಕುಟ್ಟಿದ್ದು?"

"ಸುಮ್ನೇಯ."

"ತಡಿ, ಬಂದೆ."

ಲಕ್ಕಿ ಪಾಗಾರ ಸುತ್ತಿಕೊಂಡು ಬಂದು ಹೊಸಿಲ ಮೇಲೆ ಕೂತಳು. ಹೊನ್ನಮ್ಮ ಚಾ ಇಡಲು ಒಳಗೆ ಹೋದಳು. ಆ ಮಳೆಗಾಲ ಮುಗಿಯುವವರೆಗೂ ಗೆರಟೆ ಪಾಗಾರದ ಮೇಲೆ ಬರಿದೇ ಇತ್ತು.